ನಮ್ಮ ತೋಟಕ್ಕೆ ದಿನಾ ಮೂವತ್ತು ಸಾವಿರ ಲೀಟರ್

ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿಗೆ ಯಾವತ್ತೂ ತಡವಾಗಿ ಹೋಗಬಾರದು. 2024ರ ಜನವರಿಯಲ್ಲಿ ನಾನು ಹತ್ತು ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ಲಿಫ್ಟು, ಜನರೇಟರು, ಸೆಕ್ಯೂರಿಟಿ, ಗಣೇಶನ ಹಬ್ಬ ಎಲ್ಲಾ ಒಬ್ಬೊಬ್ಬರಿಗೆ ಹಂಚಿ ಮುಗಿದಿತ್ತು. ಉಳಿದಿದ್ದು ಎಸ್‌ಟಿಪಿ ಒಂದೇ. "ನೀವು ಬಿ.ಎಸ್ಸಿ. ಅಲ್ವಾ ಸಾರ್, ಕೆಮಿಸ್ಟ್ರಿ ಎಲ್ಲಾ ಗೊತ್ತಿರುತ್ತೆ" ಅಂತ ಸೆಕ್ರೆಟರಿ ನಕ್ಕರು. ನಾನು ಓದಿದ್ದು ಸ್ಟ್ಯಾಟಿಸ್ಟಿಕ್ಸ್. ಹೇಳಿ ಪ್ರಯೋಜನ ಇರಲಿಲ್ಲ, ಆಗಲೇ ಕಾಫಿ ಬಂದಿತ್ತು.

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಅದು ಹೆಚ್ಚಾಗಿ ವಾಸನೆಯಿಂದಲೇ ಪರಿಚಯ. ನಮ್ಮದು ಬೇಸ್‌ಮೆಂಟಿನ ಮೂಲೆಯಲ್ಲಿ, ಕಾರು ನಿಲ್ಲಿಸುವ ಜಾಗದ ಹಿಂದಿನ ಕಬ್ಬಿಣದ ಬಾಗಿಲಿನ ಒಳಗೆ ಇದೆ. ಒಳಗೆ ಹೋದರೆ ಕೊಳಚೆಗೆ ಗಾಳಿ ಊದುವ ಬ್ಲೋವರ್ ಸದ್ದಿಗೆ ಮಾತು ಕೇಳುವುದಿಲ್ಲ. ಹತ್ತು ವರ್ಷದಿಂದ ಆ ಕಟ್ಟಡದಲ್ಲಿ ಇದ್ದೀನಿ, ಆ ಬಾಗಿಲಿನ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು.

ಅಲ್ಲಿನ ಆಪರೇಟರ್ ರಾಯಚೂರು ಕಡೆಯ ಹುಡುಗ. ಓದಿದ್ದು ಹತ್ತನೇ ಕ್ಲಾಸು, ಆದರೆ ಆ ಟ್ಯಾಂಕಿನ ಬಗ್ಗೆ ನಮ್ಮ ಇಡೀ ಕಮಿಟಿಗಿಂತ ಜಾಸ್ತಿ ಗೊತ್ತು. ಮೊದಲ ದಿನವೇ ಒಂದು ಲೀಟರಿನ ಗಾಜಿನ ಜಾರಿಗೆ ಏರೇಷನ್ ಟ್ಯಾಂಕಿನ, ಅಂದರೆ ಆ ಗಾಳಿ ಊದುವ ಟ್ಯಾಂಕಿನ, ನೀರು ತುಂಬಿ ಮೆಟ್ಟಿಲ ಮೇಲೆ ಇಟ್ಟ. "ಅರ್ಧ ತಾಸು ತಡೀರಿ ಸರ" ಅಂದ. ಅರ್ಧ ಗಂಟೆಯಲ್ಲಿ ಕಂದು ಬಣ್ಣದ ಗಸಿ ಕೆಳಗೆ ಕೂತು ಮೇಲೆ ತಿಳಿನೀರು ನಿಂತಿತು. ಗಸಿ ಕಂದು ಇದ್ದು ಮಣ್ಣಿನ ವಾಸನೆ ಬಂದರೆ ಒಳಗಿನ ಬ್ಯಾಕ್ಟೀರಿಯಾ ಚೆನ್ನಾಗಿವೆ ಅಂತ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಅಂತ. ಯಾರೋ ಕರೆಂಟ್ ಬಿಲ್ ಉಳಿಸುವುದಕ್ಕೆ ರಾತ್ರಿ ಬ್ಲೋವರ್ ಆಫ್ ಮಾಡಿಸಿದರೆ ಎರಡೇ ದಿನದಲ್ಲಿ ಜಾರು ಹೇಳಿಬಿಡುತ್ತದೆ. ನಮ್ಮಲ್ಲಿ ಹಾಗೆ ಆಫ್ ಮಾಡಿಸಿದ್ದು ಯಾರು ಅಂತ ನನಗೆ ಗೊತ್ತು, ಬಿಡಿ.

ಇದನ್ನು ಬರೆಯೋಕೆ ಕಾರಣ ಟ್ಯಾಂಕಲ್ಲ, ಫೈಲು. ನಮ್ಮ ಸಿಎಫ್‌ಓ, ಅಂದರೆ ಘಟಕ ನಡೆಸಿ ನೀರು ಬಿಡುವುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ, ಆ ವರ್ಷ ಜೂನ್‌ಗೆ ಮುಗಿಯುತ್ತಿತ್ತು. ಅದನ್ನು ರಿನ್ಯೂ ಮಾಡಿಸುವುದು ಹೊಸ ಉಸ್ತುವಾರಿಯ ಮೊದಲ ಕೆಲಸ. "ಸುಮ್ನೆ ಕನ್ಸಲ್ಟೆಂಟಿಗೆ ಫೋನ್ ಮಾಡಿ, ಅವರೇ ಮಾಡಿಕೊಡ್ತಾರೆ" ಅಂತ ಹಿಂದಿನ ಉಸ್ತುವಾರಿ ಒಂದು ನಂಬರ್ ಕೊಟ್ಟರು. ಫೋನ್ ಮಾಡುವ ಮೊದಲು ಹಳೇ ಫೈಲ್ ಒಂದು ಸಲ ಓದೋಣ ಅಂತ ಭಾನುವಾರ ಕೂತೆ. ಅದೇ ತಪ್ಪಾಯಿತು.

ಮೊದಲು ಈ ಸಮ್ಮತಿ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. 1974ರ ಜಲ ಕಾಯ್ದೆ. ನಮ್ಮ ಸಂವಿಧಾನದಲ್ಲಿ ನೀರು ರಾಜ್ಯಗಳ ವಿಷಯ, ಹಾಗಾಗಿ ಕೆಲವು ರಾಜ್ಯಗಳು ತಾವಾಗಿಯೇ ಗೊತ್ತುವಳಿ ಮಾಡಿ ಸಂಸತ್ತಿಗೆ ಕೇಳಿಕೊಂಡ ಮೇಲೆ ಆ ಕಾಯ್ದೆ ಆಯಿತು. ಹಾಗೆ ಮೊದಲೇ ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ನಮ್ಮ ಮಂಡಳಿಯೂ ಶುರುವಾಯಿತು. ಕಾಯ್ದೆಯ 25ನೇ ಕಲಮಿನ ಪ್ರಕಾರ ಕೊಳಚೆ ಆಗಲಿ ಕಾರ್ಖಾನೆ ನೀರಾಗಲಿ, ಹಳ್ಳಕ್ಕೋ ಚರಂಡಿಗೋ ಭೂಮಿಗೋ ಬಿಡಬೇಕಾದರೆ ಮೊದಲೇ ಮಂಡಳಿಯ ಸಮ್ಮತಿ ಬೇಕು. ಇಲ್ಲದೆ ಬಿಟ್ಟರೆ ಕನಿಷ್ಠ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಅರ್ಜಿ ಹಾಕಿ ನಾಲ್ಕು ತಿಂಗಳಾದರೂ ಮಂಡಳಿ ಹೂಂ ಅನ್ನದೆ ಊಹೂಂ ಅನ್ನದೆ ಕೂತರೆ ಸಮ್ಮತಿ ಕೊಟ್ಟಂತೆಯೇ ಲೆಕ್ಕ. ಅಂದರೆ ತಡ ಮಾಡಬಾರದು ಅನ್ನುವ ಯೋಚನೆ ಐವತ್ತು ವರ್ಷದ ಹಿಂದೆಯೇ ಇತ್ತು.

ಈಗ ಫೈಲಿಗೆ ಬರೋಣ. ಅದರಲ್ಲಿ ನೀರಿನ ಲೆಕ್ಕ ಅಂತ ಒಂದು ಪಟ್ಟಿ ಇತ್ತು. ಎಷ್ಟು ನೀರು ಒಳಗೆ ಬರುತ್ತದೆ, ಎಷ್ಟು ಕೊಳಚೆ ಆಗುತ್ತದೆ, ಶುದ್ಧ ಆದ ಮೇಲೆ ಎಲ್ಲಿಗೆ ಹೋಗುತ್ತದೆ. ನಮ್ಮಲ್ಲಿ 96 ಮನೆ. ಮನೆಗೆ ಐದು ಜನರ ಲೆಕ್ಕದಲ್ಲಿ 480 ಜನ. ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 64,800. ಅದರಲ್ಲಿ ಶುದ್ಧವಾಗಿ ಹೊರಬರುವ ನೀರು ದಿನಕ್ಕೆ 55,000 ಲೀಟರ್ ಅಂತ ಬರೆದಿದ್ದರು. ಇಲ್ಲಿಯವರೆಗೆ ಸರಿ. ಆಮೇಲೆ ಆ 55,000 ಹೋಗುವ ದಾರಿ: ಟಾಯ್ಲೆಟ್ ಫ್ಲಷ್‌ಗೆ 21,600. ಕಾರು, ನೆಲ ತೊಳೆಯೋಕೆ 3,000. ತೋಟಕ್ಕೆ 30,400. ಉಳಿಕೆ: ಸೊನ್ನೆ.

ತೋಟಕ್ಕೆ ಮೂವತ್ತು ಸಾವಿರದ ನಾನೂರು ಲೀಟರ್! ನಮ್ಮ ತೋಟ ಎಂದರೆ ಕಾಂಪೌಂಡ್ ಉದ್ದಕ್ಕೂ ಒಂದು ಪಟ್ಟಿ ಹುಲ್ಲು, ನಾಲ್ಕು ತೆಂಗಿನ ಮರ, ಒಂದು ಸಂಪಿಗೆ, ಮತ್ತೆ ಮೇಲಿನ ಮನೆಯ ಅಜ್ಜಿ ಕದ್ದು ನೆಟ್ಟ ಕರಿಬೇವು. ಟೇಪ್ ಹಿಡಿದು ಅಳೆದೆ, ಹೆಚ್ಚೂಕಡಿಮೆ ಮುನ್ನೂರು ಚದರ ಮೀಟರ್. ಮುನ್ನೂರು ಚದರ ಮೀಟರಿಗೆ ಮೂವತ್ತು ಸಾವಿರ ಲೀಟರ್ ಅಂದರೆ ದಿನಾ ನೂರು ಮಿಲಿಮೀಟರ್ ಮಳೆ ಬಿದ್ದ ಹಾಗೆ. ದಿನಾ. ವರ್ಷಕ್ಕೆ ಮೂವತ್ತಾರು ಸಾವಿರ ಮಿಲಿಮೀಟರ್ ದಾಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳೆಂಟು ಸಾವಿರ, ಮೇಘಾಲಯದ ಮೌಸಿನ್‌ರಾಮ್‌ನಲ್ಲೂ ಹನ್ನೆರಡು ಸಾವಿರದ ಆಸುಪಾಸು. ಕಾಗದದ ಪ್ರಕಾರ ನಮ್ಮ ಬೇಸ್‌ಮೆಂಟಿನ ಮೇಲೆ ಜಗತ್ತಿನಲ್ಲೇ ಎಲ್ಲಕ್ಕಿಂತ ಒದ್ದೆಯಾದ ಜಾಗ ಇತ್ತು. ಭತ್ತ ನಾಟಿ ಮಾಡಿದ್ದರೂ ಅಷ್ಟು ನೀರು ಕುಡಿಯುತ್ತಿರಲಿಲ್ಲ.

ಕನ್ಸಲ್ಟೆಂಟಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಬೇಜಾರಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. "ಸಾರ್, ಅದು ಹಾಗೇ ಬರೆಯೋದು. ಝೀರೋ ಡಿಸ್‌ಚಾರ್ಜ್ ಅಂತ ಕಂಡೀಷನ್ ಇದೆ. ಹೊರಗೆ ಒಂದು ಹನಿ ಬಿಡೋ ಹಾಗಿಲ್ಲ. ಉಳಿದಿದ್ದನ್ನ ತೋಟದಲ್ಲಿ ಹಾಕ್ಬೇಕು, ಲೆಕ್ಕ ಸರಿಹೋಗ್ಬೇಕಲ್ಲ."

ನಮ್ಮ ಹಳೇ ಸಮ್ಮತಿ ಪತ್ರದಲ್ಲಿ ಇದ್ದಿದ್ದೂ ಅದೇ. ಶುದ್ಧ ಮಾಡಿದ ನೀರನ್ನು ಆವರಣದ ಒಳಗೇ ಪೂರ್ತಿ ಬಳಸಬೇಕು, ಹೊರಗೆ ಬಿಡಬಾರದು. ಓದೋಕೆ ಚೆನ್ನಾಗಿದೆ. ಆದರೆ ಮನುಷ್ಯ ದಿನಾ ಸ್ನಾನ ಮಾಡುತ್ತಾನೆ, ಬಟ್ಟೆ ಒಗೆಯುತ್ತಾನೆ, ಪಾತ್ರೆ ತೊಳೆಯುತ್ತಾನೆ. ಅಷ್ಟೂ ನೀರನ್ನು ಫ್ಲಷ್ ಮಾಡಿ ಮುಗಿಸೋಕೆ ಆಗಲ್ಲ. 135 ಲೀಟರಿನಲ್ಲಿ ಫ್ಲಷ್‌ಗೆ ಹೋಗುವುದು 45. ಮಿಕ್ಕಿದ್ದು ಮಿಕ್ಕೇ ಮಿಗುತ್ತದೆ. ಇದು ಯಾರ ಸೋಮಾರಿತನವೂ ಅಲ್ಲ, ಬರೀ ಕಳೆಯುವ ಲೆಕ್ಕ.

ಹಾಗಾದರೆ ಮಿಕ್ಕ ನೀರು ಎಲ್ಲಿಗೆ ಹೋಗುತ್ತಿತ್ತು?

ಹುಡುಗನನ್ನೇ ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಇವರು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದಾರಾ ಅಥವಾ ಪರೀಕ್ಷೆ ಮಾಡುತ್ತಿದ್ದಾರಾ ಅನ್ನುವ ನೋಟ. ಆಮೇಲೆ ಮೂಲೆಯಲ್ಲಿ ಗೋಣಿಚೀಲ ಮುಚ್ಚಿದ್ದ ಒಂದು ವಾಲ್ವ್ ತೋರಿಸಿದ. "ರಾತ್ರಿ ಹನ್ನೆರಡರ ಮ್ಯಾಲೆ ಬಿಡ್ತೀನ್ರಿ ಸರ, ಮಳಿ ನೀರಿನ ಮೋರಿಗೆ. ಎಲ್ಲಾರೂ ಹಂಗೇ ಬಿಡೂದು." ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾವು 96 ಮನೆಯವರು ಹತ್ತು ವರ್ಷ ಚರಂಡಿಗೆ ನೀರು ಬಿಟ್ಟಿದ್ದೀವಿ. ನೀರು ಶುದ್ಧವಾಗಿಯೇ ಇತ್ತು ಅಂತ ಹೇಳಿಕೊಳ್ಳಬಹುದು. ಬ್ಲೋವರ್ ಆಫ್ ಮಾಡಿಸಿದ್ದ ದಿನಗಳಲ್ಲಿ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕತ್ತಲಲ್ಲಿ ಬಿಡುವ ನೀರನ್ನು ಯಾರೂ ಪರೀಕ್ಷೆ ಮಾಡಲ್ಲ, ಯಾಕೆಂದರೆ ಕಾಗದದಲ್ಲಿ ಆ ನೀರೇ ಇಲ್ಲ.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ನೀರು ಬಿಡುವ ಪರವಾನಗಿಯ ಉದ್ದೇಶ ಏನು? ಯಾರು, ಎಲ್ಲಿ, ಎಷ್ಟು, ಎಂಥ ನೀರು ಬಿಡುತ್ತಿದ್ದಾರೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕು. ಆದರೆ ಆಗದ ಷರತ್ತು ಹಾಕಿದರೆ ಆ ನಾಲ್ಕು ಪ್ರಶ್ನೆಗೂ ಸುಳ್ಳು ಉತ್ತರವೇ ಬರುತ್ತದೆ. ಸುಳ್ಳಿಗೆ ಸುಳ್ಳು ಹೊಂದಿಸೋಕೆ ಮತ್ತಷ್ಟು ಕಾಗದ ಬೇಕು. ಹಳೇ ಫೈಲಿನಲ್ಲಿ ಮನೆಗಳ ಸಂಖ್ಯೆ ಆರು ಕಡೆ ಬರೆದಿತ್ತು. ಅದರಲ್ಲಿ ಎರಡು ಕಡೆ 96, ಮೂರು ಕಡೆ 98, ಒಂದು ಕಡೆ 240! ಆ 240 ಬೇರೆ ಯಾವುದೋ ಅಪಾರ್ಟ್‌ಮೆಂಟಿನದು, ನಕಲು ಮಾಡಿ ಅಂಟಿಸುವಾಗ ಬದಲಾಯಿಸೋಕೆ ಮರೆತಿದ್ದಾರೆ. ಹಿಂದಿನ ಸಲ ಅರ್ಜಿ ಎರಡು ಬಾರಿ ವಾಪಸ್ ಬಂದಿತ್ತು, ಒಟ್ಟು ಎಂಟು ತಿಂಗಳು ಹಿಡಿದಿತ್ತು. "ಆಫೀಸಿನವರು ಸತಾಯಿಸ್ತಾರೆ" ಅಂತ ಮೀಟಿಂಗಿನಲ್ಲಿ ಎಲ್ಲರೂ ಬೈದಿದ್ದೆವು, ನಾನೂ ಜೋರಾಗಿಯೇ ಬೈದಿದ್ದೆ. ಆ ಫೈಲ್ ನೋಡಿದ ಮೇಲೆ ನಾನು ಅಲ್ಲಿ ಕೂತಿದ್ದರೂ ವಾಪಸ್ ಕಳಿಸುತ್ತಿದ್ದೆ ಅನ್ನಿಸಿತು.

ಅಷ್ಟರಲ್ಲಿ ಮಾರ್ಚ್ ಬಂತು. 2024ರ ಮಾರ್ಚ್ ಬೆಂಗಳೂರಿನವರಿಗೆ ಮರೆಯೋಕೆ ಆಗಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿತ್ತು. ನಮ್ಮ ಎರಡು ಬೋರಿನಲ್ಲಿ ಒಂದು ಬರೀ ಗಾಳಿ ಉಗುಳುತ್ತಿತ್ತು. ಕಾವೇರಿ ಐದನೇ ಹಂತದ ನೀರು ಬಂದಿದ್ದು ಅಕ್ಟೋಬರಿಗೆ, ಅಲ್ಲಿಯವರೆಗೆ ಟ್ಯಾಂಕರೇ ಗತಿ. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000ಕ್ಕೆ 1,000. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ವಾಟ್ಸಾಪ್ ಗ್ರೂಪಿನಲ್ಲಿ ಯಾರು ಬಕೆಟ್ ಸ್ನಾನ, ಯಾರು ಶವರ್ ಸ್ನಾನ ಅಂತ ಜಗಳ ಶುರುವಾಯಿತು.

ಒಂದು ದಿನ ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ನಿಂತಿದ್ದೆ. ಟ್ಯಾಂಕರ್ ರಿವರ್ಸ್ ಬರುತ್ತಿತ್ತು, ನೆಲದಡಿಯ ಸಂಪಿನ ಒಳಗೆ ಪೈಪು ಹಾಕುತ್ತಿದ್ದರು. ಅದೇ ಗೇಟಿನ ಪಕ್ಕದ ಮೋರಿಯಲ್ಲಿ ನಮ್ಮ ರಾತ್ರಿಯ ನೀರು ಇನ್ನೂ ಹರಿಯುತ್ತಿತ್ತು, ಸಣ್ಣಗೆ, ಕ್ಲೋರಿನ್ ವಾಸನೆ ಹೊಡೆಯುತ್ತಾ. ಟ್ಯಾಂಕರ್ ಡ್ರೈವರ್ ಅದರ ಮೇಲೇ ಕಾಲಿಟ್ಟು ನಿಂತು ಬೀಡಿ ಸೇದುತ್ತಿದ್ದ.

ಅವತ್ತೇ ಮೀಟರ್ ತರಿಸಿದೆ. ಎಸ್‌ಟಿಪಿಯಿಂದ ಹೊರಗೆ ಬರುವ ಪೈಪಿಗೆ ಒಂದು, ಫ್ಲಷ್ ಲೈನಿಗೆ ಒಂದು, ತೋಟದ ಲೈನಿಗೆ ಒಂದು. ಕಮಿಟಿಯಲ್ಲಿ ಖರ್ಚಿನ ಬಗ್ಗೆ ಒಂದು ಗಂಟೆ ಚರ್ಚೆ, ಅದನ್ನು ಬರೆಯೋಕೆ ಹೋದರೆ ಇನ್ನೊಂದು ಬ್ಲಾಗ್ ಆಗುತ್ತದೆ. ಒಂದು ತಿಂಗಳು ದಿನಾ ಬೆಳಗ್ಗೆ ಏಳಕ್ಕೆ ಹುಡುಗ ಮೂರೂ ಮೀಟರ್ ನೋಡಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ, ನಾನು ಫೋಟೋ ತೆಗೆದು ಎಕ್ಸೆಲ್‌ಗೆ ಹಾಕಿದೆ. ಸ್ಟ್ಯಾಟಿಸ್ಟಿಕ್ಸ್ ಓದಿದ್ದು ಮೂವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಸರಾಸರಿ ಹೀಗೆ ಬಂತು. ಹೊರಬರುವ ನೀರು 55,000 ಅಲ್ಲ, 38,000. ಯಾಕೆಂದರೆ ನಮ್ಮಲ್ಲಿ ಐದು ಜನ ಇರುವ ಮನೆ ಹತ್ತೂ ಇಲ್ಲ. ಫ್ಲಷ್‌ಗೆ 15,000. ತೋಟ, ನೆಲ ತೊಳೆಯೋದು ಸೇರಿ 2,500. ಮಿಕ್ಕಿದ್ದು 20,500 ಲೀಟರ್. ಅಂದರೆ 6,000 ಲೀಟರಿನ ಮೂರೂವರೆ ಟ್ಯಾಂಕರ್ ಹತ್ತಿರ ಹತ್ತಿರ. ಆ ತಿಂಗಳು ನಾವು ಕೊಂಡುಕೊಂಡಿದ್ದು ದಿನಕ್ಕೆ ನಾಲ್ಕು ಟ್ಯಾಂಕರ್. ಮುಂದಿನ ಬಾಗಿಲಲ್ಲಿ ನಾಲ್ಕು ಒಳಗೆ, ಹಿಂದಿನ ಬಾಗಿಲಲ್ಲಿ ಮೂರೂವರೆ ಹೊರಗೆ. ಶುದ್ಧ ಮಾಡಿದ ನೀರನ್ನು ಕುಡಿಯೋಕೆ ಆಗಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ರಸ್ತೆಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಕಾಂಕ್ರೀಟಿಗೆ ಕ್ಯೂರಿಂಗ್ ಮಾಡೋಕೆ ಅವರೂ ಟ್ಯಾಂಕರ್ ತರಿಸುತ್ತಿದ್ದರು!

ಅದೇ ಹೊತ್ತಿಗೆ ರಾಜ್ಯ ಸರ್ಕಾರ ಒಂದು ಒಳ್ಳೇ ಕೆಲಸ ಮಾಡಿತು. ಅಪಾರ್ಟ್‌ಮೆಂಟಿನಂಥವರು ಶುದ್ಧ ಮಾಡಿದ ನೀರಿನಲ್ಲಿ ಅರ್ಧದವರೆಗೆ ಹೊರಗಿನವರಿಗೆ ಮಾರಬಹುದು ಅಂತ 2024ರಲ್ಲಿ ಅವಕಾಶ ಕೊಟ್ಟಿತು. ಮಿಕ್ಕ ನೀರು ಅಂತ ಒಂದು ಇದೆ ಅಂತ ಸರ್ಕಾರದ ಕಾಗದವೇ ಒಪ್ಪಿಕೊಂಡ ಹಾಗಾಯಿತು. ನನ್ನ ಪ್ರಕಾರ ಪರವಾನಗಿ ಸರಳ ಮಾಡುವುದು ಅಂದರೆ ಇದೇ. ಫಾರಂ ಆನ್‌ಲೈನ್ ಮಾಡುವುದಲ್ಲ. ಆನ್‌ಲೈನ್ ಆಗಿ ಎಷ್ಟೋ ವರ್ಷ ಆಯಿತು, ನಮ್ಮ ಆಗುಂಬೆ ತೋಟವನ್ನೂ ಆನ್‌ಲೈನಲ್ಲೇ ಅಪ್‌ಲೋಡ್ ಮಾಡಿದ್ದರು.

ದೆಹಲಿ ಮಟ್ಟದಲ್ಲೂ ಈಗ ಸರಳ ಮಾಡುವ ಗಾಳಿ ಬೀಸುತ್ತಿದೆ. 2016ರಲ್ಲಿ ಕೇಂದ್ರ ಮಂಡಳಿ ಉದ್ದಿಮೆಗಳನ್ನು ಮಾಲಿನ್ಯಕ್ಕೆ ತಕ್ಕಂತೆ ಅಂಕ ಕೊಟ್ಟು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿತು. ಆಗ 60 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಕೆಂಪು, 20ರವರೆಗೆ ಇದ್ದರೆ ಬಿಳಿ ಆಗಿತ್ತು. 2024ರ ನವೆಂಬರಿನಲ್ಲಿ ಬಿಳಿ ಗುಂಪಿನವರಿಗೆ ಸಮ್ಮತಿಯೇ ಬೇಡ ಅಂತ ಆಯಿತು. 2025ರ ಜನವರಿಯಲ್ಲಿ ಸಮ್ಮತಿ ಕೊಡುವ, ನಿರಾಕರಿಸುವ, ರದ್ದು ಮಾಡುವ ಕ್ರಮಕ್ಕೆ ಇಡೀ ದೇಶಕ್ಕೆ ಒಂದೇ ಮಾರ್ಗಸೂಚಿ ಬಂತು. ಜಲ ಕಾಯ್ದೆಗೂ 2024ರಲ್ಲಿ ತಿದ್ದುಪಡಿ ಆಗಿದೆ: ಎಷ್ಟೋ ತಪ್ಪುಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷದವರೆಗೆ ದಂಡ. ಆದರೆ ನೀರು ರಾಜ್ಯದ ವಿಷಯ ಅಂತ ಆಗಲೇ ಹೇಳಿದೆನಲ್ಲ, ಹಾಗಾಗಿ ಅದು ಮೊದಲು ಜಾರಿಯಾಗಿದ್ದು ಹಿಮಾಚಲ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಉಳಿದ ರಾಜ್ಯಗಳು ಗೊತ್ತುವಳಿ ಮಾಡಿ ಒಪ್ಪಿಕೊಳ್ಳಬೇಕು.

ಇದರಲ್ಲಿ ಬಿಳಿ ಗುಂಪಿನ ವಿನಾಯಿತಿ ನನಗೆ ಸರಿ ಅನ್ನಿಸುತ್ತದೆ. ಸೈಕಲ್ ಜೋಡಿಸುವವರ ಹಿಂದೆ ಎಂಜಿನಿಯರ್ ಓಡಾಡುವುದು ವ್ಯರ್ಥ, ಆ ಹೊತ್ತಿನಲ್ಲಿ ಲೋಹಕ್ಕೆ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಶೆಡ್ ಹಿಂದಿನ ಮೋರಿ ನೋಡಬಹುದು. ಜೈಲು ತೆಗೆದು ದಂಡ ಹಾಕುವ ಬಗ್ಗೆ ಮಾತ್ರ ನನಗೆ ಅನುಮಾನ ಇದೆ. ಹತ್ತು ಸಾವಿರ ದಂಡ ನಮ್ಮ 96 ಮನೆಗೆ ಹಂಚಿದರೆ ಮನೆಗೆ ನೂರ ನಾಲ್ಕು ರೂಪಾಯಿ. ಬ್ಲೋವರ್ ಆಫ್ ಮಾಡಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ಲೆಕ್ಕ ಹಾಕೋ ಜನ ನಾವು.

ಅಮೆರಿಕದಲ್ಲಿ 1972ರ ಕ್ಲೀನ್ ವಾಟರ್ ಆಕ್ಟ್ ಅಡಿ ಒಂದು ಪದ್ಧತಿ ಇದೆ, ಅದು ನನಗೆ ಇಷ್ಟವಾಯಿತು. ದೊಡ್ಡ ಕಾರ್ಖಾನೆಗೆ ಅದಕ್ಕೇ ಅಂತ ಬೇರೆ ಪರವಾನಗಿ. ಆದರೆ ಒಂದೇ ಥರದ ಸಣ್ಣಪುಟ್ಟವರು ಸಾವಿರಾರು ಜನ ಇದ್ದರೆ ಎಲ್ಲರಿಗೂ ಸೇರಿಸಿ ಒಂದು ಸಾಮಾನ್ಯ ಪರವಾನಗಿ ಬರೆದು ಇಟ್ಟಿರುತ್ತಾರೆ. ಷರತ್ತು ಎಲ್ಲರಿಗೂ ಒಂದೇ. ನೀವು ಅದಕ್ಕೆ ಸೇರುತ್ತೇನೆ ಅಂತ ಒಂದು ತಿಳುವಳಿಕೆ ಪತ್ರ ಕೊಟ್ಟರೆ ಆಯಿತು. ಆಮೇಲೆ ಷರತ್ತಿನಲ್ಲಿ ಹೇಳಿದ ಹಾಗೆ ನೀರು ಪರೀಕ್ಷೆ ಮಾಡಿಸಿ ವರದಿ ಕಳಿಸುತ್ತಿರಬೇಕು, ಮತ್ತು ಪರವಾನಗಿ ಇರುವವರ ವರದಿಗಳನ್ನು ಎಷ್ಟೋ ಮಟ್ಟಿಗೆ ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ನೋಡಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಿಗೆ ಹೇಳಿ ಮಾಡಿಸಿದ ಹಾಗಿದೆ ಇದು. ನಮ್ಮ ಕೊಳಚೆಗೂ ಪಕ್ಕದ ಕಾಂಪೌಂಡಿನ ಕೊಳಚೆಗೂ ಏನು ವ್ಯತ್ಯಾಸ? ಅವರ ಮನೆಯಲ್ಲೂ ಅದೇ ಸಾಂಬಾರು, ಅದೇ ಸರ್ಫ್. ಒಬ್ಬೊಬ್ಬರಿಗೂ ಬೇರೆ ಬೇರೆ ಫೈಲು ಯಾಕೆ? ಒಂದೇ ಷರತ್ತು ಬರೆಯಲಿ, ಮನೆ ಎಷ್ಟು ಅಂತ ಒಂದು ಸಲ ಕೇಳಲಿ, ಮೂರು ಮೀಟರ್ ಕಡ್ಡಾಯ ಮಾಡಲಿ, ಮಿಕ್ಕ ನೀರು ಎಲ್ಲಿಗೆ ಅಂತ ನೇರವಾಗಿ ಕೇಳಲಿ. ಉಳಿಯುವ ಸಮಯದಲ್ಲಿ ಹೇಳದೆ ಕೇಳದೆ ರಾತ್ರಿ ಹನ್ನೆರಡಕ್ಕೆ ಬಂದು ಕ್ಯಾನಿನಲ್ಲಿ ಸ್ಯಾಂಪಲ್ ತೆಗೆದುಕೊಂಡು ಹೋಗಲಿ.

ಸರಳ ಮಾಡಿದರೆ ಎಲ್ಲರೂ ಕೊಳಕು ಬಿಡುತ್ತಾರೆ ಅಂತ ನನ್ನ ಸ್ನೇಹಿತರೊಬ್ಬರು ವಾದ ಮಾಡುತ್ತಾರೆ. ಬೆಳ್ಳಂದೂರು ಕೆರೆ ನೆನಪಿಸುತ್ತಾರೆ. ನೆನಪಿದೆ ಸ್ವಾಮಿ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು, 2017ರಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ, 2018ರ ಜನವರಿಯಲ್ಲಿ ಇನ್ನೂ ಜೋರಾಗಿ. ಆದರೆ ಆ ನೊರೆ ಎದ್ದಾಗ ಜಲ ಕಾಯ್ದೆಗೆ ನಲವತ್ತು ವರ್ಷ ತುಂಬಿತ್ತು. ಫಾರಂ ಏನೂ ಸರಳ ಇರಲಿಲ್ಲ. ವೃಷಭಾವತಿ ನದಿಯ ಪಕ್ಕ ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಹೋಗುವಾಗಲೂ ಇದೇ ಕಾನೂನು ಇತ್ತು. ಕಷ್ಟದ ಫಾರಂ ನದಿ ಕಾಯುತ್ತದೆ ಅನ್ನುವುದಕ್ಕೆ ಬೆಂಗಳೂರಿನಲ್ಲಿ ಸಾಕ್ಷಿ ಸಿಗುವುದು ಕಷ್ಟ.

ಇನ್ನೊಂದು ತಮಾಷೆ ನೋಡಿ. 2018ರಿಂದ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಯೋಜನೆ ಅದು. ಅದರ ಗುಣಮಟ್ಟದ ಬಗ್ಗೆ ಕೋರ್ಟಿನವರೆಗೆ ಜಗಳವೂ ಆಗಿದೆ. ಅದು ಬೇರೆ ದೊಡ್ಡ ಕತೆ. ಆದರೆ ಸರ್ಕಾರ ಊರಿಂದ ಊರಿಗೆ ಕೆರೆಗೆ ಬಿಡಬಹುದು, ನಾವು ಗೇಟಿನಿಂದ ಆಚೆ ಒಂದು ಹನಿ ಬಿಡಬಾರದು ಅನ್ನುವುದು ಯಾವ ನ್ಯಾಯ? ಒಂದೇ ಪರೀಕ್ಷೆ ಇಬ್ಬರಿಗೂ ಇಟ್ಟು, ಪಾಸಾದ ನೀರಿಗೆ ದಾರಿ ಬಿಡಿ.

ಸರಿ, ನಮ್ಮ ಅರ್ಜಿಗೆ ಬರುತ್ತೇನೆ. ಕನ್ಸಲ್ಟೆಂಟಿಗೆ ನಮಸ್ಕಾರ ಹೇಳಿ ನಾನೇ ಕೂತು ತುಂಬಿಸಿದೆ. ಮನೆ ಎಷ್ಟು ಅನ್ನುವಲ್ಲಿ ಆರು ಕಡೆಯೂ 96. ತೋಟಕ್ಕೆ 1,500 ಲೀಟರ್. ಮಿಕ್ಕ ನೀರು 20,500. ಈ ಕೊನೇ ಸಂಖ್ಯೆ ಬರೆಯುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. ಸೆಕ್ರೆಟರಿ ಅಂತೂ "ಸುಮ್ನಿರೋ ಜೇನುಗೂಡಿಗೆ ಯಾಕೆ ಸಾರ್ ಕಲ್ಲು ಹೊಡೀತೀರಾ" ಅಂದರು. ಫಾರಂನಲ್ಲಿ ಆ ನೀರನ್ನು ಸರಿಯಾಗಿ ತೋರಿಸೋಕೆ ಜಾಗ ಸಿಗಲಿಲ್ಲ. ಹಾಗಾಗಿ ಒಂದು ಪುಟದ ಪತ್ರ ಬರೆದು, ತಿಂಗಳ ಮೀಟರ್ ಲೆಕ್ಕ, ಲ್ಯಾಬ್ ವರದಿ, ಮತ್ತೆ ಪಕ್ಕದ ಬಿಲ್ಡಿಂಗಿನವರು ನೀರು ತೆಗೆದುಕೊಳ್ಳುತ್ತೇವೆ ಅಂತ ಕೊಟ್ಟ ಪತ್ರ ಜೊತೆಗೆ ಇಟ್ಟೆ.

ತಪಾಸಣೆಗೆ ಬಂದವರು ಒಬ್ಬ ಯುವ ಎಂಜಿನಿಯರ್. ಪತ್ರ ಓದಿದ್ದರು. ನೇರವಾಗಿ ಬೇಸ್‌ಮೆಂಟಿಗೆ ಹೋಗಿ ಮೊದಲು ಮೀಟರ್ ನೋಡಿದರು, ಆಮೇಲೆ ಗೋಡೆ ಮೇಲಿನ ಸೀಮೆಸುಣ್ಣ ನೋಡಿದರು, ಆಮೇಲೆ ಗೋಣಿಚೀಲ ಎತ್ತಿ ಆ ವಾಲ್ವ್ ನೋಡಿದರು. ನಾನು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. "ಇದಕ್ಕೂ ಒಂದು ಮೀಟರ್ ಹಾಕಿಸಿಬಿಡಿ" ಅಂದರು ಅಷ್ಟೇ. ಟ್ಯಾಂಕಿಗೆ ಯಾರಾದರೂ ಇಳಿಯುತ್ತಾರಾ ಅಂತ ಹುಡುಗನನ್ನು ಬೇರೆ ಕರೆದು ಕೇಳಿದರು. ಆ ಪ್ರಶ್ನೆ ಯಾವ ಫಾರಂನಲ್ಲೂ ನಾನು ನೋಡಿರಲಿಲ್ಲ. ಒಳಗಿನ ಗ್ಯಾಸಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ. ಹಾಗೆ ಸತ್ತವರ ಸುದ್ದಿ ಪೇಪರಿನಲ್ಲಿ ಓದಿ ಮರೆಯುತ್ತೇವೆ. ಅವನು "ಇಲ್ರಿ ಸರ, ಮಷಿನ್ ಗಾಡಿ ಬರತೈತಿ" ಅಂದ. ಅದು ನಿಜ ಅಂತ ನನಗೆ ಗೊತ್ತಿತ್ತು, ಆದರೂ ಒಂದು ಸಲ ಎದೆ ಝಲ್ ಅಂದಿತು.

ಒಂದು ವಿವರಣೆ ಕೇಳಿ ಪತ್ರ ಬಂತು, ಉತ್ತರ ಕೊಟ್ಟೆ. ಏಳು ವಾರದಲ್ಲಿ ಸಮ್ಮತಿ ಬಂತು. ಹಿಂದಿನ ಎಂಟು ತಿಂಗಳಿಗೆ ಹೋಲಿಸಿ ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರನ್ನು ಹಿಡಿದು ಮಾಡಿಸಿದಿರಿ ಅಂತ ಒಬ್ಬರು ಕಿವಿಯಲ್ಲಿ ಕೇಳಿದರು.

ಈಗ ವರ್ಷದ ಮೇಲಾಯಿತು. ಪಕ್ಕದ ಬಿಲ್ಡಿಂಗ್ ಮುಗಿಯಿತು, ಈಗ ಎರಡು ರಸ್ತೆ ಆಚೆ ಇನ್ನೊಬ್ಬರು ತೆಗೆದುಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಯಾರಿಗೂ ನೀರು ಬೇಡ, ಆಗ ಮತ್ತೆ ಅದೇ ತಲೆನೋವು, ಅದೇ ವಾಲ್ವ್. ಆ ವಾಲ್ವ್‌ಗೂ ಈಗ ಮೀಟರ್ ಇದೆ, ಓಡಿದ ದಿನ ಓಡಿದೆ ಅಂತಲೇ ಬರೆದು ವರದಿಯಲ್ಲಿ ಕಳಿಸುತ್ತೇವೆ. ಇದುವರೆಗೆ ಯಾರೂ ಬೈದಿಲ್ಲ.

ಹುಡುಗ ಇನ್ನೂ ದಿನಾ ಗೋಡೆ ಮೇಲೆ ಬರೆಯುತ್ತಾನೆ. ಈ ಸಲದ ಗಣೇಶನ ಹಬ್ಬದ ಮಾರನೇ ದಿನ ಕೆಳಗೆ ಹೋದಾಗ ಸಂಖ್ಯೆ ಬಹಳ ಕಡಿಮೆ ಕಂಡಿತು, 24,200. ಪಂಪ್ ಕೆಟ್ಟಿತಾ ಅಂತ ಗಾಬರಿಯಾಯಿತು. ಹತ್ತಿರ ಹೋಗಿ ನೋಡಿದರೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: "ಎಲ್ಲಾರೂ ಊರಿಗೆ ಹೋಗ್ಯಾರ."